ಮಗಳಿಗೊಂದು ಪತ್ರ: ಇದು ನಾನೇ ಬರೆದದ್ದು

ಪುಟ್ಟೀ,

ಚಿತ್ರದುರ್ಗದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಅಜ್ಜಿಗೆ ಸೊಂಟದ ಆಪರೇಷನ್. ಈಗ ನಿದ್ದೆ ಮಾಡುತ್ತಿದ್ದಾರೆ. ಮಧ್ಯಾಹ್ನ ಎಚ್ಚರ ಆದಾಗ ಕೇಳಿದ್ದು ಒಂದೇ ಮಾತು: "ಮಗೂನ ಯಾಕೋ ಕರ್ಕೊಂಡು ಬರ್ಲಿಲ್ಲ?" ಸ್ಕೂಲಿದೆ ಅಂದೆ. ಅದು ಅರ್ಧ ನಿಜ.

ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಬಹುದಿತ್ತು. ಕೈಯಲ್ಲೇ ಬರೆಯಬೇಕು ಅನ್ನಿಸಿತು. ಫೋಟೋ ತೆಗೆದು ಅಮ್ಮನ ಫೋನಿಗೆ ಕಳಿಸುತ್ತೇನೆ, ಹಾಳೆಗಳನ್ನು ಬರುವಾಗ ತರುತ್ತೇನೆ. ಒತ್ತಕ್ಷರ ಎಲ್ಲಾದರೂ ತೊಡಕಾದರೆ ಅಮ್ಮನನ್ನು ಕೇಳು. ಭಾನುವಾರದ ಕನ್ನಡ ಕ್ಲಾಸಿನ ದುಡ್ಡು ದಂಡ ಆಗಿದೆಯೋ ಇಲ್ಲವೋ ಅದೂ ಗೊತ್ತಾಗಲಿ. ತಮಾಷೆಗೆ ಅಂದೆ.

ಶನಿವಾರ ರಾತ್ರಿ ಏನಾಯ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಹೇಳಲ್ಲ. ಅಜ್ಜಿ ಬಿದ್ದ ಸುದ್ದಿ ಬಂದು ಅರ್ಧ ಗಂಟೆಯಾಗಿತ್ತು, ನನ್ನ ತಲೆ ನೆಟ್ಟಗಿರಲಿಲ್ಲ. ಇದು ನೆಪ ಅಲ್ಲ. ಸರಿ, ನೆಪವೇ. ಭಾನುವಾರ ಬೆಳಗಿನ ನಾಲ್ಕಕ್ಕೆ ಹೊರಟಾಗ ನಿನ್ನ ರೂಮಿನ ಬಾಗಿಲು ಹಾಕಿತ್ತು. ತಟ್ಟಲಿಲ್ಲ. ಮಲಗಿದ್ದಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಬಾಗಿಲ ಕೆಳಗೆ ಲೈಟು ಕಾಣುತ್ತಿತ್ತು.

ನಿಮ್ಮ ಕ್ಲಾಸಿನ ಕೋರ್ಟಿನ ವಿಡಿಯೋ ಅಮ್ಮ ಕಳಿಸಿದಳು. ಮೂರು ಸಲ ನೋಡಿದೆ. ಕ್ಯಾಲಿಫೋರ್ನಿಯಾದ ಆರನೇ ಕ್ಲಾಸಿನ ಮಕ್ಕಳು ಕ್ರಿ.ಪೂ. 210ರಲ್ಲಿ ಸತ್ತ ಚೀನಾದ ಚಕ್ರವರ್ತಿಯನ್ನು ಎಳೆದು ತಂದು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ! ಚಿನ್ ಶಿ ಹುವಾಂಗ್ ಆದ ಹುಡುಗನ ರಟ್ಟಿನ ಕಿರೀಟ ಚೆನ್ನಾಗಿತ್ತು. ಮಾತಾಡಿದಾಗೆಲ್ಲ ಮಣಿಸರ ಮೂಗಿಗೆ ಬಡಿಯುತ್ತಿತ್ತು, ಅವನು ಊದಿ ಊದಿ ಆಚೆ ತಳ್ಳುತ್ತಿದ್ದ. ಅವನ ವಕೀಲೆ ಗಟ್ಟಿಗಿತ್ತಿ. ನಡುವೆ ಚೌಕದ ತೂತಿದ್ದ ದುಂಡು ನಾಣ್ಯವನ್ನು ರಟ್ಟಿನಲ್ಲಿ ಮಾಡಿ ತಂದಿದ್ದಳು. ಏಳು ರಾಜ್ಯ ಏಳು ದಿಕ್ಕಿಗೆ ಬಡಿದಾಡುತ್ತಿದ್ದವು, ಕ್ರಿ.ಪೂ. 221ಕ್ಕೆ ಒಂದೇ ದೇಶ ಆಯ್ತು; ಒಂದೇ ಲಿಪಿ, ಒಂದೇ ತೂಕ, ಒಂದೇ ಅಳತೆ, ಗಾಡಿಯ ಅಚ್ಚಿನ ಅಗಲ ಕೂಡ ಒಂದೇ, ಇನ್ನೇನು ಬೇಕು ನಿಮಗೆ ಅಂತ ಜ್ಯೂರಿ ಕಡೆ ತಿರುಗಿ ಕೇಳಿದಳು.

ಅಲ್ಲಿ ನಾನು ವಾಲ್ಯೂಮ್ ಕಮ್ಮಿ ಮಾಡಿದೆ. ಶನಿವಾರ ರಾತ್ರಿ ನೀನು ರೂಮಿಗೆ ಹೋದ ಮೇಲೆ ಅಮ್ಮ ನನ್ನನ್ನು ಚೆನ್ನಾಗಿ ಬೈದಳು. ಆಗ ನಾನೂ ಹೀಗೇ ಪಟ್ಟಿ ಓದಿದ್ದೆ. ಪಿಯಾನೋ ಕ್ಲಾಸು, ಈಜು, ಒಳ್ಳೆ ಸ್ಕೂಲಿರುವ ಏರಿಯಾ ಅಂತ ಜಾಸ್ತಿ ಬಾಡಿಗೆ ಕೊಟ್ಟು ಇರುವುದು, ಎಲ್ಲ.

ಮೊದಲು ನಿನಗೆ ಫೂಸೂ ಪಾತ್ರ ಸಿಕ್ಕಾಗ ನಾನು ಏನಂದೆ ನೆನಪಿದೆ. "ಮೂರು ಸಾಲಿನ ಪಾತ್ರ, ಅದಕ್ಕಿಷ್ಟು ಗಲಾಟೆನಾ?" ಅಂದಿದ್ದೆ. ವಕೀಲೆ ಆಗಬೇಕಿತ್ತು ನೀನು, ಕೇಳಿ ತಗೋಬೇಕಿತ್ತು ಅಂದಿದ್ದೆ. ಫೂಸೂ ಯಾರು ಅಂತ ಆಗ ನನಗೆ ಗೊತ್ತಿರಲಿಲ್ಲ. ವಿಮಾನದಲ್ಲಿ ಹದಿನಾರು ಗಂಟೆ ಇತ್ತಲ್ಲ, ಫೋನಿಗೆ ಇಳಿಸಿಕೊಂಡಿದ್ದನ್ನೆಲ್ಲ ಓದಿದೆ. ಚಕ್ರವರ್ತಿಯ ಹಿರೀಮಗ. ಪಂಡಿತರಿಗೆ ಅಪ್ಪ ಕೊಟ್ಟ ಶಿಕ್ಷೆ ನೋಡಿ, ಇದು ಸರಿಯಲ್ಲ, ದೇಶ ಈಗತಾನೇ ಒಂದಾಗಿದೆ, ಜನ ಹೆದರುತ್ತಾರೆ ಅಂತ ಎದುರೇ ಹೇಳಿದವನು. ಅಷ್ಟು ಜನ ಮಂತ್ರಿಗಳಿದ್ದ ಆಸ್ಥಾನದಲ್ಲಿ ಈ ಮಾತು ಬಂದದ್ದು ಮಗನ ಬಾಯಿಂದ. ಅಪ್ಪನಿಗೆ ಸಿಟ್ಟು ಬಂತು. ಉತ್ತರದ ಗಡಿಯಲ್ಲಿ ಗೋಡೆ ಕಟ್ಟಿಸುತ್ತಿದ್ದ ದಂಡನಾಯಕ ಮೆಂಗ್ ಟಿಯನ್ ಹತ್ತಿರ ಅಟ್ಟಿಬಿಟ್ಟ.

ಆಮೇಲಿನದು ನಿನಗೇ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ, ಯಾಕೆಂದರೆ ನಾಲ್ಕು ದಿನದಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಚಕ್ರವರ್ತಿ ದೂರದ ಪ್ರವಾಸದಲ್ಲಿ ಸತ್ತ. ಮಂತ್ರಿ ಲಿ ಸಿ ಮತ್ತು ಆಸ್ಥಾನದ ಅಧಿಕಾರಿ ಝಾವ್ ಗಾವ್ ಸಾವನ್ನು ಮುಚ್ಚಿಟ್ಟು ಒಂದು ಸುಳ್ಳು ಆಜ್ಞೆ ಬರೆದರು. ಅಪ್ಪನ ಹೆಸರಿನಲ್ಲಿ, ಅಪ್ಪನ ಮುದ್ರೆ ಒತ್ತಿ. ನೀನು ಒಳ್ಳೆ ಮಗನಲ್ಲ, ಇಗೋ ಕತ್ತಿ, ಸಾಯಿ ಅಂತ. ಫೂಸೂ ಓದಿ ಅತ್ತ, ಎದ್ದು ಒಳಗೆ ಹೋದ. ಮೆಂಗ್ ಟಿಯನ್ ತಡೆದ. ಬಂದವನು ಒಬ್ಬ ದೂತ, ಇದು ಮೋಸ ಅಲ್ಲ ಅಂತ ಹೇಗೆ ಗೊತ್ತು, ಒಂದು ಸಲ ಕೇಳಿ ಕಳಿಸು, ಆಮೇಲೆ ಸತ್ತರೂ ತಡವೇನಲ್ಲ ಅಂದ. ಫೂಸೂ ಕೇಳಲಿಲ್ಲ. ಅಪ್ಪನೇ ಮಗನಿಗೆ ಸಾಯಿ ಅಂದ ಮೇಲೆ ಮತ್ತೆ ಕೇಳುವುದೇನು ಅಂದ.

ವಿಡಿಯೋದಲ್ಲಿ ಆ ವಕೀಲೆ ನಿನ್ನ ಹತ್ತಿರ ಬಂದು ಕೇಳಿದಳಲ್ಲ: ಪತ್ರ ಬರೆದದ್ದು ನಿಮ್ಮಪ್ಪ ಅಲ್ಲ, ಆಗ ಅವರು ಬದುಕಿಯೇ ಇರಲಿಲ್ಲ, ಹಾಗಾದರೆ ನಿಮ್ಮ ಸಾವಿಗೆ ಅವರು ಹೇಗೆ ಕಾರಣ? ಒಳ್ಳೆ ಪಾಟಿ ಸವಾಲು. ನೀನು ಒಂದು ಕ್ಷಣ ಸುಮ್ಮನಿದ್ದೆ. ಡ್ರೆಸ್ಸಿನ ತುದಿ ಬೆರಳಿಗೆ ಸುತ್ತಿಕೊಂಡೆ, ಒಂದನೇ ಕ್ಲಾಸಿನಲ್ಲಿ ಮಾಡುತ್ತಿದ್ದೆಯಲ್ಲ ಹಾಗೆ. ಆಮೇಲೆ ಹೇಳಿದೆ, ಅದು ಸುಳ್ಳಿರಬಹುದು ಅಂತ ನನಗೆ ಅನ್ನಿಸಲೇ ಇಲ್ಲ, ಅಪ್ಪ ಹಾಗೆ ಬರೆಯುತ್ತಾರೆ ಅಂತಲೇ ಅನ್ನಿಸಿತು.

ಇದು ಪಾಠದಲ್ಲಿ ಇರಲಿಲ್ಲ. ನಿಮ್ಮ ಟೀಚರ್ ಕೊಟ್ಟ ಹಾಳೆಯಲ್ಲೂ ಇರಲಿಲ್ಲ, ಅಮ್ಮನನ್ನು ಕೇಳಿ ನೋಡಿದೆ.

ಮೂರನೇ ಸಲ ನೋಡುವಾಗ ಅಲ್ಲೇ ನಿಲ್ಲಿಸಿದೆ. ಮನಸ್ಸಿಗೆ ಬಂದದ್ದು ಇಷ್ಟು. ನಾಳೆ ಯಾರಾದರೂ ನನ್ನ ಹೆಸರಿನಲ್ಲಿ ನಿನಗೊಂದು ಕೆಟ್ಟ ಮಾತು ಬರೆದು ಕಳಿಸಿದರೆ ನೀನು ನಂಬುತ್ತೀಯಾ? ಶುಕ್ರವಾರದವರೆಗೆ ಆದರೆ ಇಲ್ಲ ಅನ್ನುತ್ತಿದ್ದೆ. ಈಗ ನಂಬಬಹುದು ಅನ್ನಿಸುತ್ತೆ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ನನ್ನ 'ಳ' ಯಾವಾಗಲೂ 'ಕ' ತರ ಕಾಣುತ್ತೆ ಅಂತ ನಗುತ್ತಿದ್ದೆಯಲ್ಲ, ನೋಡಿಕೋ.

ನನ್ನ ಹೆಸರಿನಲ್ಲಿ ಏನೇ ಬರಲಿ, ನಾನೇ ಎದುರು ನಿಂತು ಏನೇ ಹೇಳಲಿ, ಮತ್ತೆ ಕೇಳು. "ಅಪ್ಪಾ, ನಿಜವಾಗ್ಲೂ ಹಾಗಂದ್ಯಾ?" ಅಂತ ಕೇಳು. ಒಂದಲ್ಲ, ಹತ್ತು ಸಲ. ಬರೀ ನನ್ನ ಮಾತಲ್ಲ, ಫೋನಿನಲ್ಲಿ ಬರುವ ಮೆಸೇಜು, ಲಿಂಕು, ಗೆಳತಿಯರು ಯಾರೋ ಹೀಗಂದರು ಅಂತ ತರುವ ಸುದ್ದಿ, ಎಲ್ಲವನ್ನೂ ಪರೀಕ್ಷೆ ಮಾಡಬೇಕು. ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಮತ್ತೆ ಗಣಿತವನ್ನು ದಿನಾ ಅರ್ಧ ಗಂಟೆ...

ನೋಡು, ಶುರು ಮಾಡಿಬಿಟ್ಟೆ.

ಇನ್ನೊಂದು ಮಾತಿದೆ, ಕೋಪ ಮಾಡಿಕೊಳ್ಳಬೇಡ. ನಿಮ್ಮ ಕ್ಲಾಸಿನ ಗೋಡೆಗೆ ಅಂಟಿಸಿದ್ದ ಫೋಟೋದಲ್ಲಿ ಇದ್ದದ್ದು ಈ ಚಕ್ರವರ್ತಿ ಕಟ್ಟಿಸಿದ ಗೋಡೆ ಅಲ್ಲ. ಅದು ಮಿಂಗ್ ದೊರೆಗಳ ಕಾಲದ್ದು, ಇವನಿಗಿಂತ ಸಾವಿರದ ಆರುನೂರು ವರ್ಷಕ್ಕೂ ಆಮೇಲಿನದು. ಇವನದು ಹೆಚ್ಚಿನ ಕಡೆ ಬರೀ ಮಣ್ಣು ಬಡಿದು ಕಟ್ಟಿದ್ದು. ಹಾಗೇ 460 ಪಂಡಿತರನ್ನು ಜೀವಂತ ಹೂತರು ಅಂತ ನೀವೆಲ್ಲ ಖಚಿತವಾಗಿ ಹೇಳಿದಿರಿ. ಅದು ಸಿಮಾ ಚಿಯನ್ ಬರೆದ ಇತಿಹಾಸದಿಂದ ಬಂದದ್ದು. ಅವನು ಬರೆದದ್ದು ನೂರು ವರ್ಷ ಆದ ಮೇಲೆ, ಚಿನ್ ವಂಶ ಬಿದ್ದು ಹಾನ್ ವಂಶ ಆಳುತ್ತಿದ್ದಾಗ. ಹೊಸ ಮನೆಯವರು ಹಳೇ ಮನೆಯವರ ಬಗ್ಗೆ ಒಳ್ಳೇದು ಹೇಳುತ್ತಾರಾ? ಜೀವಂತ ಹೂತರೋ, ಕೊಂದು ಹೂತರೋ, ಅಷ್ಟು ಜನ ಇದ್ದರೋ ಅಂತ ಈಗಲೂ ವಾದ ಇದೆ. ಜ್ಯೂರಿಗೆ ನೀನು ಇದನ್ನು ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಇಲ್ಲ, ಬೇಡ. ನೀನು ಹೇಳಿದ್ದೇ ಚೆನ್ನಾಗಿತ್ತು. ಹೊಗಳಲು ಕೂತು ತಪ್ಪು ತಿದ್ದುತ್ತಿದ್ದೇನೆ. ಅಮ್ಮ ಓದುವಾಗ ನಗುತ್ತಾಳೆ.

ನಿಮ್ಮ ಜ್ಯೂರಿಯ ತೀರ್ಪು ನನಗೆ ಇಷ್ಟವಾಯ್ತು. ದೇಶ ಒಂದು ಮಾಡಿದ್ದಕ್ಕೆ ತಪ್ಪಿಲ್ಲ, ಪುಸ್ತಕ ಸುಟ್ಟದ್ದಕ್ಕೆ ತಪ್ಪು, ಗೋಡೆ ವಿಷಯದಲ್ಲಿ 6-6. ದೊಡ್ಡವರಾಗಿದ್ದರೆ ಆ ಕಾಲಕ್ಕೆ ಅದು ಸರಿ ಇತ್ತು, ದೊಡ್ಡ ಕೆಲಸ ಆಗಬೇಕಾದರೆ ಸ್ವಲ್ಪ ಇದೆಲ್ಲ ಇರುತ್ತೆ ಅಂತ ಏನೋ ಹೇಳಿ ಎದ್ದು ಹೋಗುತ್ತಿದ್ದೆವು. ಹಿಂದಿನ ಸಾಲಿನಲ್ಲಿದ್ದ ಕನ್ನಡಕದ ಹುಡುಗ ಎದ್ದು ಕೇಳಿದ್ದು ಒಂದೇ: ರಸ್ತೆ ಚೆನ್ನಾಗಿದೆ, ಆದರೆ ಮಾಡಿದವರನ್ನು ಯಾರಾದರೂ ಕೇಳಿದರಾ? ಇನ್ನೊಬ್ಬಳಿಗೆ ಸಾಯದಿರುವ ಔಷಧಿ ತರಲು ಸಾವಿರಾರು ಹುಡುಗ ಹುಡುಗಿಯರನ್ನು ಹಡಗಿನಲ್ಲಿ ಕಳಿಸಿದ್ದು ಹಿಡಿಸಲಿಲ್ಲ. ಅವರ ಅಪ್ಪ ಅಮ್ಮ ಏನು ಮಾಡಿದರು ಅಂತ ಕೇಳಿದಳು. ಅದಕ್ಕೆ ಪಾಪ ಚಕ್ರವರ್ತಿ ಮಣಿಸರ ಊದುತ್ತಾ ನಿಂತ.

ಅಂದಹಾಗೆ, ಅವನು ಪಟ್ಟಕ್ಕೆ ಬಂದದ್ದು 13 ವರ್ಷಕ್ಕೆ. ಹೆಚ್ಚು ಕಮ್ಮಿ ನಿನ್ನ ವಯಸ್ಸು.

ಅಜ್ಜಿಯ ಊರಿನ ಹತ್ತಿರದ ಬ್ರಹ್ಮಗಿರಿ ನೆನಪಿದೆಯಾ? ಎರಡು ವರ್ಷದ ಕೆಳಗೆ ಬಿಸಿಲಲ್ಲಿ ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸಿದ್ದೆ. ಅಶೋಕ ಬದುಕಿದ್ದಾಗಲೇ ಈ ಹುಡುಗ ಚೀನಾದಲ್ಲಿ ಹುಟ್ಟಿ ಬೆಳೆದು ರಾಜನಾಗಿದ್ದ. ಅಶೋಕನೂ ಕಳಿಂಗದಲ್ಲಿ ಲಕ್ಷ ಜನರನ್ನು ಕೊಂದವನೇ. ಆದರೆ ಅದನ್ನು ತಾನೇ ಬಂಡೆ ಮೇಲೆ ಬರೆಸಿದ, ಬೇಜಾರಾಯ್ತು ಅಂತಲೂ ಬರೆಸಿದ. ಬ್ರಹ್ಮಗಿರಿಯ ಬಂಡೆಯಲ್ಲಿ ಆ ಭಾಗ ಇಲ್ಲ. ಅಲ್ಲಿರುವುದು ತಂದೆ ತಾಯಿ ಹೇಳಿದ್ದು ಕೇಳಬೇಕು, ನಿಜ ಹೇಳಬೇಕು ಅಂತ. ಆ ಮೊದಲನೇದನ್ನು ಹಿಡಿದುಕೊಂಡು ನಿನ್ನನ್ನು ಅವತ್ತು ಎಷ್ಟು ಗೋಳು ಹೊಯ್ದುಕೊಂಡೆ! ನೋಡು, ಕಲ್ಲಿನ ಮೇಲೇ ಇದೆ, ಇನ್ನು ತಕರಾರಿಲ್ಲ ಅಂತ. ಎರಡನೇದನ್ನು ಓದಿ ಹೇಳಲೇ ಇಲ್ಲ ಅನ್ನಿಸುತ್ತೆ.

ನಿಜ ಹೇಳುತ್ತೇನೆ. ನೀನು ಗಣಿತ ಬಿಟ್ಟು ಸುಮ್ನೆ ಗೀಚುತ್ತಾ ಕೂತಿದ್ದೀಯ ಅಂದುಕೊಂಡಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾರ್ಪೆಟ್ ಮೇಲೆ ಬಿದ್ದಿದ್ದ ಚೂರುಗಳನ್ನು, ಕಸದ ಬುಟ್ಟಿಯಲ್ಲಿದ್ದನ್ನು ಒಂದೊಂದೇ ಆರಿಸಿ ಪಾಸ್‌ಪೋರ್ಟ್ ಚೀಲಕ್ಕೆ ತುಂಬಿಕೊಂಡೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ. ವಿಮಾನದಲ್ಲಿ ಊಟದ ಟ್ರೇ ಮೇಲೆ ಜೋಡಿಸಿ ನೋಡಿದೆ. ಕೋರ್ಟಿಗೆ ಅಂತಲೇ ಬರೆದ ಚಿತ್ರಗಳು. ಸತ್ತ ಚಕ್ರವರ್ತಿಯ ಗಾಡಿ, ನಾತ ಗೊತ್ತಾಗದಿರಲಿ ಅಂತ ಜೊತೆಗೆ ಉಪ್ಪು ಮೀನು ತುಂಬಿದ ಗಾಡಿ, ಮೂಗು ಮುಚ್ಚಿಕೊಂಡ ಸೈನಿಕರು. ಒಬ್ಬ ಸೈನಿಕ ಎರಡು ಕೈಯಲ್ಲೂ ಮೂಗು ಹಿಡಿದು ಈಟಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಾನೆ. ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ಆಮೇಲೆ ನಗು ಬರಲಿಲ್ಲ.

ಕ್ರಿ.ಪೂ. 213ರಲ್ಲಿ ಪುಸ್ತಕ ಸುಡಿ ಅಂತ ಲಿ ಸಿ ಹೇಳಿದಾಗ ಎಲ್ಲ ಪುಸ್ತಕ ಅನ್ನಲಿಲ್ಲ. ವೈದ್ಯದ್ದು, ಬೇಸಾಯದ್ದು, ಶಕುನದ್ದು ಇರಲಿ, ಉಪಯೋಗಕ್ಕೆ ಬರುತ್ತೆ ಅಂದ. ಹಾಡು, ಹಳೇ ಕತೆ, ಇವು ಬೇಡ ಅಂದ. ನಾನೂ ಗಣಿತದ ಪುಸ್ತಕ ಮುಟ್ಟಲಿಲ್ಲ ನೋಡು.

11 ಹಾಳೆ, 43 ಚೂರು. ನರ್ಸ್ ಹತ್ತಿರ ಗಾಯಕ್ಕೆ ಹಚ್ಚುವ ಬಿಳಿ ಟೇಪ್ ಕೇಳಿ ಇಸಿದುಕೊಂಡು ಎರಡು ರಾತ್ರಿಯಿಂದ ಅಂಟಿಸುತ್ತಿದ್ದೇನೆ. ಹಿಂದಿನಿಂದ ಅಂಟಿಸಿದ್ದೇನೆ, ಮುಂದೆ ಕಾಣಲ್ಲ. ಒಂದು ಕುದುರೆಯ ಹಿಂಗಾಲು ಸಿಕ್ಕಿಲ್ಲ. ಮೊದಲಿನ ಹಾಗೆ ಆಗಿಲ್ಲ, ಆಗಲ್ಲ. ತಪ್ಪು ನನ್ನದು. ನಿನ್ನ ಮಾರ್ಕ್ಸ್ ಬಗ್ಗೆ ನನಗಿರುವ ಚಿಂತೆ ಹಾಗೇ ಇದೆ, ಅದನ್ನು ಇಲ್ಲ ಅನ್ನಲ್ಲ. ಆದರೆ ಅದು ಬೇರೆ, ಇದು ಬೇರೆ. ಇದು ತಪ್ಪು.

ನಿನ್ನೆ ಅಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದಳು. ಹೇಳಬಾರದಿತ್ತೋ ಏನೋ, ಅವಳ ಬಾಯಿ ತಪ್ಪಿ ಬಂತು. ನಿನ್ನ ಇನ್ನೊಂದು ಡ್ರಾಯಿಂಗ್ ಪುಸ್ತಕ, ಹಸಿರು ರಟ್ಟಿನದು, ವಾಷಿಂಗ್ ಮೆಷಿನ್ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಇದೆಯಂತೆ. ನಾನು ಬರುವುದರೊಳಗೆ ಅಲ್ಲಿಟ್ಟಿದ್ದೀಯಂತೆ.

ಇದನ್ನು ಕೇಳಿ ಫೋನ್ ಇಟ್ಟುಬಿಟ್ಟೆ. ಫೂ ಶೆಂಗ್ ಅಂತ ಒಬ್ಬ ಪಂಡಿತ ಇದ್ದ. ಸುಡುವ ಆಜ್ಞೆ ಬಂದಾಗ ತನ್ನ ಬಿದಿರಿನ ಪುಸ್ತಕವನ್ನು ಮನೆಯ ಗೋಡೆಯೊಳಗೆ ಅಡಗಿಸಿಟ್ಟ. ಯುದ್ಧ, ಓಡಾಟ ಎಲ್ಲ ಮುಗಿದು ವಾಪಸ್ಸು ಬಂದು ತೆಗೆದಾಗ ಎಷ್ಟೋ ಭಾಗ ಹೋಗಿತ್ತು, 29 ಅಧ್ಯಾಯ ಉಳಿದಿತ್ತು. ವಿಮಾನದಲ್ಲಿ ಓದುವಾಗ ಎಂಥ ಜಾಣ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೇ ಒಬ್ಬಳು ಇದ್ದಾಳೆ ಅಂತ ಗೊತ್ತಿರಲಿಲ್ಲ.

ಆಪರೇಷನ್ ಮುಗಿದ ಮೇಲೆ ಅಜ್ಜಿ ಕೈಲಿ ಫೋನ್ ಮಾಡಿಸುತ್ತೇನೆ. ನಿಮಗೆ ಆಗ ರಾತ್ರಿ ಹತ್ತು ಗಂಟೆ ಇರಬಹುದು, ಮಲಗಿದ್ದರೂ ಎತ್ತು. ನನ್ನ ಜೊತೆ ಮಾತಾಡಲೇಬೇಕು ಅಂತಿಲ್ಲ.

ಆ ಮೆಷಿನ್ನಿನ ಹಿಂದಿನ ಪೈಪು ಸೋರುತ್ತೆ. ರಿಪೇರಿ ಮಾಡಿಸಬೇಕು ಅಂತ ಎರಡು ತಿಂಗಳಿಂದ ಅಂದುಕೊಂಡೆ, ಆಗಲಿಲ್ಲ. ಕವರಿನಲ್ಲಿದ್ದರೂ ಒದ್ದೆ ಆಗುತ್ತೆ. ಇವತ್ತೇ ತೆಗೆದು ಬೇರೆ ಕಡೆ ಇಡು. ಎಲ್ಲಿಟ್ಟೆ ಅಂತ ನನಗೆ ಹೇಳಬೇಡ.

ಅಪ್ಪ