ಹಳೇ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಪೇಂಟ್ ಬೇಡ

ಸಂಪಾದಕರೇ,

ಗಣಪತಿ ಹಬ್ಬ ಹತ್ತಿರ ಬಂದ ಹಾಗೆ ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ಹಳೇ ಆರ್ಕೆಸ್ಟ್ರಾ ಸಾಮಾನುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಅದರಲ್ಲಿ ಎಲೆಕ್ಟ್ರಿಕ್ ಗಿಟಾರುಗಳೂ ಇರುತ್ತವೆ. ಕೆಲವು ಕಲ್ಕತ್ತೆಯಲ್ಲಿ ತಯಾರಾದವು, ಅಪರೂಪಕ್ಕೊಂದು ಜಪಾನಿನದು. ದಯವಿಟ್ಟು ಅವನ್ನು ಗುಜರಿಗೂ ಹಾಕಬೇಡಿ, ಪೇಂಟ್ ಹೊಡೆಯುವವರ ಹತ್ತಿರವೂ ಒಯ್ಯಬೇಡಿ ಅಂತ ಕೇಳಿಕೊಳ್ಳಲು ಈ ಪತ್ರ.

ಪರಿಚಯದವರೊಬ್ಬರ ಮನೆಯಲ್ಲಿ ಅವರ ತಂದೆ ಜಾತ್ರೆಗಳಲ್ಲಿ ನುಡಿಸುತ್ತಿದ್ದ 1960ರ ದಶಕದ ಜಪಾನಿ ಗಿಟಾರೊಂದಿತ್ತು. ಬಲಗೈ ಊರುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಹಿಂಬದಿಯಲ್ಲಿ ಬೆಲ್ಟಿನ ಬಕಲ್ ಉಜ್ಜಿದ ಗೀರುಗಳು. ಎಡಗೈ ಹಿಡಿಯುವ ಉದ್ದನೆಯ ನೆಕ್ಕಿನ ಮೇಲೆ, ಮೊದಲ ಮೂರು ಫ್ರೆಟ್ಟುಗಳ (ಅಡ್ಡಡ್ಡ ಲೋಹದ ಪಟ್ಟಿಗಳ) ಹತ್ತಿರ ಬೆರಳು ಕೂತು ಕೂತು ಸಣ್ಣ ಗುಳಿ ಬಿದ್ದಿತ್ತು, ಅಂದರೆ ಅವರು ಹೆಚ್ಚಾಗಿ ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುತ್ತಿದ್ದರು ಅಂತ ಅದನ್ನು ನೋಡಿಯೇ ಹೇಳಬಹುದಿತ್ತು. ಮನೆಯವರು ಪ್ರೀತಿಯಿಂದಲೇ ಅದನ್ನು ಒಂದು ವರ್ಕ್‌ಶಾಪಿಗೆ ಕೊಟ್ಟರು. ಅಲ್ಲಿ ಸ್ಯಾಂಡ್‌ಪೇಪರ್ ಹಾಕಿ ಎಲ್ಲಾ ಉಜ್ಜಿ, ಬೈಕಿಗೆ ಹೊಡೆಯುವ ಕೆಂಪು ಪೇಂಟ್ ಹೊಡೆದು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಹಳೇ ಪಿಕಪ್ ಕಿತ್ತೆಸೆದು ಹೊಸದು ಕೂರಿಸಿ ಕೊಟ್ಟರು. ನೋಡಿ ಕರುಳು ಚುರ್ ಅಂದಿತು.

ಹಳೇ ಗಿಟಾರಿನ ಬಣ್ಣ ಸುಮ್ನೆ ಕೆಟ್ಟಿರುವುದಿಲ್ಲ. 1950ರ, 60ರ ದಶಕದಲ್ಲಿ ಅಮೆರಿಕದ ಫೆಂಡರ್, ಗಿಬ್ಸನ್ ಗಿಟಾರ್ ಕಂಪನಿಗಳು ಹೆಚ್ಚಾಗಿ ಬಳಸಿದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅನ್ನುವ ಮೆರುಗಿನ ಲೇಪ. ಅದು ತೆಳುವಾಗಿರುತ್ತದೆ. ವರ್ಷ ಕಳೆದ ಹಾಗೆ ಒಣಗಿ ಕುಗ್ಗುತ್ತದೆ, ಹಳದಿಯಾಗುತ್ತದೆ, ಗಡುಸಾಗುತ್ತದೆ. ಒಳಗಿನ ಮರ ಮಾತ್ರ ಚಳಿಗೂ ತೇವಕ್ಕೂ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದಲ್ವಾ, ಆ ಎಳೆದಾಟ ತಡೆಯಲಾರದೆ ಲ್ಯಾಕರಿನಲ್ಲಿ ಬೇಸಿಗೆ ಗದ್ದೆಯ ಹಾಗೆ ಬಿರುಕು ಮೂಡುತ್ತದೆ. ಬಿಳಿ ಗಿಟಾರು ಕೆನೆಬಣ್ಣಕ್ಕೆ ತಿರುಗುತ್ತದೆ. ನೀಲಿ ಗಿಟಾರಿನ ಮೇಲಿನ ಲ್ಯಾಕರ್ ಹಳದಿಯಾಗಿ ಇಡೀ ಗಿಟಾರು ಹಸಿರಾಗಿ ಕಾಣುತ್ತದೆ. 1958ರಿಂದ 1960ರವರೆಗಿನ ಗಿಬ್ಸನ್ ಲೆಸ್ ಪಾಲ್ ಸನ್‌ಬರ್ಸ್ಟ್ (ನಡುವೆ ಹಳದಿ, ಅಂಚಿಗೆ ಕೆಂಪು) ಗಿಟಾರುಗಳ ಕೆಂಪು ಬಣ್ಣ ಬೆಳಕಿಗೆ ಮಾಸಿ, ಒಂದು ನಿಂಬೆಹಳದಿ, ಇನ್ನೊಂದು ಕಂದು, ಮತ್ತೊಂದರಲ್ಲಿ ಅಂಚಿಗೆ ಸ್ವಲ್ಪ ಕೆಂಪು ಉಳಿದಿದೆ. ಕಾರ್ಖಾನೆಯಿಂದ ಹೊರಟಾಗ ಹೆಚ್ಚು ಕಡಿಮೆ ಒಂದೇ ತರ ಇದ್ದ ಗಿಟಾರುಗಳು ಇವು. ಈ ವ್ಯತ್ಯಾಸ ನೋಡುವುದೇ ನನಗೆ ದೊಡ್ಡ ಸಂತೋಷ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ, ಮತ್ತೆ ಪೇಂಟ್ ಮಾಡಿಸಿದ ಹಳೇ ಗಿಟಾರಿನ ಬೆಲೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿದುಬಿಡುತ್ತದೆ.

ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ಇನ್ನೂ ಚೆಂದ. ಹಳೇ ಫೆಂಡರುಗಳಲ್ಲಿ ನೆಕ್ಕಿನ ತುದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು ಇರುವುದುಂಟು. ಸದ್ದು ಏರಿಳಿಸುವ ಗುಂಡಿಯ ಕೆಳಗಿರುವ ವಾಲ್ಯೂಮ್ ಪಾಟಿನ ಮೇಲೆ ಒತ್ತಿದ ಅಂಕಿಗಳೂ ಮಾತಾಡುತ್ತವೆ. 1376620 ಅಂತ ಇದ್ದರೆ, 137 ಅಂದರೆ ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ, 66 ಅಂದರೆ 1966, ಕೊನೆಯ 20 ಅಂದರೆ ಆ ವರ್ಷದ ಇಪ್ಪತ್ತನೇ ವಾರ. ಗಿಟಾರು ಆ ವಾರಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಪಾಟ್ ಆಮೇಲೆ ಬದಲಾಗಿರದಿದ್ದರೆ. ಅದಕ್ಕೇ ಹಳೇ ಬೆಸುಗೆಯನ್ನು ಮುಟ್ಟಬಾರದು ಅನ್ನುವುದು. ಪಿಕಪ್ಪಿನಲ್ಲಿ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಇರುತ್ತದೆ, ಆ ಕಾಲದಲ್ಲಿ ಎಷ್ಟೋ ಪಿಕಪ್ಪುಗಳಿಗೆ ಮಶೀನು ತಿರುಗುವಾಗ ತಂತಿಯನ್ನು ಕೈಯಲ್ಲೇ ಹಿಡಿದು ಬಿಡುತ್ತಿದ್ದರು, ಹಾಗಾಗಿ ಎರಡು ಪಿಕಪ್ಪುಗಳ ದನಿ ಪೂರ್ತಿ ಒಂದೇ ತರ ಇರುವುದಿಲ್ಲ. ತಂತಿ ತುಂಡಾಗಿ ಸದ್ದು ನಿಂತಿದ್ದರೂ ಎಸೆಯಬೇಡಿ. ಮತ್ತೆ ಸುತ್ತಿಸಬಹುದು.

ನಮ್ಮೂರಿನವರಿಗೆ ಇನ್ನೊಂದು ವಿಷಯ ಹೇಳಬೇಕು. ಹಳೇ ಗಿಟಾರುಗಳ ಫಿಂಗರ್‌ಬೋರ್ಡಿಗೆ (ನೆಕ್ಕಿನ ಮೇಲೆ ಬೆರಳೂರುವ ಪಟ್ಟಿಗೆ) ಬ್ರೆಜಿಲ್ ದೇಶದ ರೋಸ್‌ವುಡ್ ಹಾಕುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1960ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕದ ಕಂಪನಿಗಳು ಭಾರತದ ರೋಸ್‌ವುಡ್ಡಿಗೆ ಬಂದವು. ಅಂದರೆ ನಮ್ಮ ಮಲೆನಾಡಿನ ಕಾಡಿನಲ್ಲೂ ಬೆಳೆಯುವ ಬೀಟೆ. 1992ರಲ್ಲಿ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ಬಹುಮಟ್ಟಿಗೆ ನಿಂತಿತು. ಬೀಟೆ ಬಾಗಿಲು, ಬೀಟೆ ಮಂಚವನ್ನು ತಲೆಮಾರುಗಟ್ಟಲೆ ಜೋಪಾನ ಮಾಡುವ ಜನ ನಾವು. ಅದೇ ಮರ ಇರುವ ಗಿಟಾರನ್ನು ಸೌದೆ ಕೊಟ್ಟಿಗೆಯಲ್ಲಿ ಬಿಡುವುದು ಸರಿಯಲ್ಲ.

ಮಳೆಗಾಲದಲ್ಲಿ ಜಾಸ್ತಿ ಎಚ್ಚರ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಬಂದರೆ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಗಿಟಾರ್ ಪೆಟ್ಟಿಗೆಯ ಒಳಗಿನ ಬಟ್ಟೆ ಯಾವ ಲೆಕ್ಕ! ಹೊರಗೋಡೆಗೆ ತಾಗಿಸಿ ಇಡಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬಂದ ದಿನ ನೆರಳಿನಲ್ಲಿ ಗಾಳಿಗಿಡಿ, ಒಣಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್, ಥಿನ್ನರ್ ಮುಟ್ಟಿಸಲೇಬೇಡಿ, ಲ್ಯಾಕರ್ ಕರಗುತ್ತದೆ. ನೆಕ್ ಬಾಗಿದೆ ಅಂತ ಆಸೆ ಬಿಡುವ ಮುಂಚೆ ಒಳಗಿನ ಟ್ರಸ್ ರಾಡ್ (ನೆಕ್ ನೆಟ್ಟಗಿಡುವ ಲೋಹದ ಸರಳು) ಸರಿಮಾಡಲು ಬರುವವರಿಗೆ ತೋರಿಸಿ. ಹಳೇ ಭಾಗ ಯಾವುದನ್ನೇ ಬದಲಿಸಿದರೂ, ಬಿಚ್ಚಿದ್ದನ್ನು ಒಂದು ಕವರಿನಲ್ಲಿ ಹಾಕಿ ಗಿಟಾರಿನ ಜೊತೆಗೇ ಇಡಿ.

ಸಂಪಾದಕರಲ್ಲಿ ಒಂದು ಕೋರಿಕೆ. ಮಾರಿಕಾಂಬಾ ಜಾತ್ರೆ, ಗಣಪತಿ ಪೆಂಡಾಲುಗಳಲ್ಲಿ ನುಡಿಸಿದ ಹಿರಿಯ ಗಿಟಾರ್ ವಾದಕರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಯಾವ ಗಿಟಾರು, ಎಲ್ಲಿಂದ ತಂದಿದ್ದು, ಎಷ್ಟು ಕೊಟ್ಟಿದ್ದು ಅಂತೆಲ್ಲ ಅವರಿಗೆ ನೆನಪಿರುತ್ತದೆ. ಭಾನುವಾರದ ಪುರವಣಿಯಲ್ಲಿ ಅವರನ್ನು ಮಾತಾಡಿಸಿ, ವಾದ್ಯದ ಮುಂದಿನ ಫೋಟೊ ಜೊತೆಗೆ ಹಿಂಬದಿಯ ಫೋಟೊವನ್ನೂ ಹಾಕಿ.

— ಒಬ್ಬ ಓದುಗ, ವಿನೋಬನಗರ, ಶಿವಮೊಗ್ಗ