ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಬಿಡುವ ಕುರಿತು, ಪ್ರಸನ್ನನಿಗೆ

ರಾಯಚೂರು,
ಚೈತ್ರ ಬಹುಳ ಪಂಚಮಿ

ಚಿರಂಜೀವಿ ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಬೆಂಗಳೂರಿನಲ್ಲಿ ನೀನು, ಸೌಭಾಗ್ಯವತಿ ಶ್ರುತಿ ಮತ್ತು ಮಕ್ಕಳಿಬ್ಬರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಕಳೆದ ಭಾನುವಾರ ಫೋನಿನಲ್ಲಿ ಗಂಡಹೆಂಡಿರಿಬ್ಬರೂ ನನ್ನನ್ನು ಪಂಚನನ್ನಾಗಿ ಮಾಡಿ ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರಿಸದೆ, ಬರೆದು ತಿಳಿಸುತ್ತೇನೆ ಎಂದಿದ್ದೆ. ಹಿಂದಿನ ಸೀಟಿನಲ್ಲಿ ಚಿಕ್ಕವನು ನಿದ್ದೆ ಹೋಗಿರುತ್ತಾನೆ, ಎತ್ತಿಕೊಂಡರೆ ಎಚ್ಚರವಾಗಿ ರಂಪ ಮಾಡುತ್ತಾನೆ, ಔಷಧದ ಅಂಗಡಿಯಲ್ಲಿ ಇರುವುದು ಐದು ನಿಮಿಷದ ಕೆಲಸ. ಏಸಿ ಹಾಕಿಟ್ಟು, ಬಾಗಿಲು ಲಾಕ್ ಮಾಡಿ, ಅಕ್ಕ ಅನ್ವಿತಾಳನ್ನು ಅವನ ಪಕ್ಕದಲ್ಲಿ ಕೂರಿಸಿ ಹೋಗಿಬಂದರೆ ತಪ್ಪೇನು ಎಂಬುದು ನಿನ್ನ ವಾದ. ಯಾರಾದರೂ ಮಕ್ಕಳನ್ನು ಎತ್ತಿಕೊಂಡು ಹೋದರೆ ಏನು ಗತಿ ಎಂಬುದು ಶ್ರುತಿಯ ಭಯ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಬಿಡಕೂಡದು. ಆದರೆ ಶ್ರುತಿ ಕೊಟ್ಟ ಕಾರಣ ನನ್ನ ಮಟ್ಟಿಗೆ ಮುಖ್ಯವಾದದ್ದಲ್ಲ. ನನ್ನ ಮುಖ್ಯ ಕಾರಣಗಳು ಎರಡು. ಒಂದು ಬಿಸಿಲು, ಇನ್ನೊಂದು, ನೀನು ಲೆಕ್ಕ ಹಾಕುವ ಆ ಐದು ನಿಮಿಷಗಳು ನಿನ್ನ ಕೈಯಲ್ಲಿ ಇಲ್ಲ ಎಂಬುದು.

ಇಂಥ ಸಾವುಗಳಾದಾಗ ಪತ್ರಿಕೆಗಳು ಸಾಮಾನ್ಯವಾಗಿ ಕಾರಿನೊಳಗೆ ಉಸಿರುಗಟ್ಟಿ ಸಾವು ಎಂದು ಬರೆಯುತ್ತವೆ. ಓದಿದವರು ಗಾಳಿ ಸಾಲದ್ದೇ ಕಾರಣವೆಂದುಕೊಂಡು, ಗಾಜನ್ನು ಎರಡು ಬೆರಳಷ್ಟು ಇಳಿಸಿದರೆ ಸಾಕೆಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ಕೊಲ್ಲುವುದು ಶಾಖ. ಗಾಜಿನ ಮೂಲಕ ಒಳಬಂದ ಬಿಸಿಲು ಡ್ಯಾಶ್‌ಬೋರ್ಡು, ಸ್ಟೇರಿಂಗು, ಸೀಟುಗಳನ್ನು ರೊಟ್ಟಿಯ ಹಂಚಿನಂತೆ ಕಾಯಿಸುತ್ತದೆ. ಕಾದ ವಸ್ತುಗಳು ಸೂಸುವ ಶಾಖಕ್ಕೆ ಅದೇ ಗಾಜನ್ನು ದಾಟಿ ಹೊರಹೋಗುವುದು ಅಷ್ಟು ಸುಲಭವಲ್ಲವಾದ್ದರಿಂದ ಒಳಗಿನ ಗಾಳಿಯ ತಾಪ ಏರುತ್ತಲೇ ಹೋಗುತ್ತದೆ. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಮೆಕ್‌ಲಾರೆನ್, ನಲ್ ಮತ್ತು ಕ್ವಿನ್ ಎಂಬ ಮೂವರು ಇದನ್ನು ಅಳೆದು ಪ್ರಕಟಿಸಿದ್ದಾರೆ. ಗಾಜು ಪೂರ್ತಿ ಮುಚ್ಚಿದ್ದಾಗ ಐದೈದು ನಿಮಿಷಕ್ಕೆ ಸುಮಾರು 1.9 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದ ತಾಪ, ಗಾಜನ್ನು ತುಸು ಇಳಿಸಿದ್ದಾಗ 1.7 ಡಿಗ್ರಿಯಷ್ಟು ಏರಿತ್ತು. ಎರಡು ಬೆರಳಿನ ಸಂದಿಯಿಂದ ಸಿಗುವ ಲಾಭ ಇಷ್ಟೇ. ಒಂದು ಗಂಟೆಯ ಒಟ್ಟು ಏರಿಕೆಯಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯೊಳಗೇ ಆಗಿಹೋಗುತ್ತದೆ ಎಂಬುದು ಅವರು ಕಂಡ ಇನ್ನೊಂದು ಸಂಗತಿ.

ರಾಯಚೂರಿನ ಬಿಸಿಲೇ ಬೇರೆ, ಬೆಂಗಳೂರಿನ ಹವೆಯೇ ಬೇರೆ ಎಂದು ನೀನು ಹೇಳುವೆಯೆಂದು ನನಗೆ ಗೊತ್ತು. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯನ್ನೂ 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿಯನ್ನೂ ಕಂಡ ಊರೆಂಬುದನ್ನು ಬದಿಗಿಡೋಣ. ಮೇಲಿನ ಅಧ್ಯಯನದಲ್ಲಿಯೇ ಹೊರಗೆ ಕೇವಲ 22 ಡಿಗ್ರಿ ಇದ್ದ ದಿನ, ಎಂದರೆ ಬೆಂಗಳೂರಿನವರು ಹಿತವಾಗಿದೆ ಎನ್ನುವಂಥ ದಿನ, ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಆಗಿತ್ತು. ಮರದ ನೆರಳಿನಲ್ಲಿ ನಿಲ್ಲಿಸುತ್ತೇನೆ ಎಂಬುದಕ್ಕೂ ಉತ್ತರವಿದೆ. ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆಯಲ್ಲಿ ಬೇಸಿಗೆಯ ದಿನಗಳಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದು, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿನಲ್ಲಿದ್ದ ಕಾರುಗಳ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 47 ಡಿಗ್ರಿಯೂ ಅವುಗಳ ಡ್ಯಾಶ್‌ಬೋರ್ಡಿನ ಮೇಲೆ 69 ಡಿಗ್ರಿಯೂ ಕಂಡುಬಂದವು. ನೆರಳಿನಲ್ಲಿದ್ದವು 38 ಡಿಗ್ರಿಯ ಆಸುಪಾಸಿನಲ್ಲಿದ್ದವು. ಎರಡು ವರ್ಷದ ಮಗುವೊಂದು ಒಳಗಿದ್ದರೆ ಬಿಸಿಲಿನಲ್ಲಿ ಸುಮಾರು ಒಂದು ಗಂಟೆಗೆ ಬರುವ ಅಪಾಯದ ಘಟ್ಟ ನೆರಳಿನಲ್ಲಿ ಎರಡು ಗಂಟೆಗೆ ಬರುತ್ತದೆಂದು ಅವರು ಲೆಕ್ಕ ಹಾಕಿದರು. ನೆರಳು ಕಾಲಾವಕಾಶ ಕೊಡುತ್ತದೆ, ಅಭಯ ಕೊಡುವುದಿಲ್ಲ. ಮೇಲಾಗಿ ನಮ್ಮ ಊರುಗಳಲ್ಲಿ ಹತ್ತು ಗಂಟೆಗೆ ಇದ್ದ ನೆರಳು ಹನ್ನೊಂದಕ್ಕೆ ಅಲ್ಲಿ ಇರುವುದಿಲ್ಲ.

ಈ ಶಾಖವನ್ನು ನಿನ್ನ ದೇಹ ತಾಳಿದಂತೆ ಮಗುವಿನ ದೇಹ ತಾಳಲಾರದು. ಎಳೆಯ ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆಂದು ವೈದ್ಯರು ಹೇಳುತ್ತಾರೆ. ಮೈಯ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ಹೆಚ್ಚು, ಬೆವರಿ ತಣಿಯುವ ಶಕ್ತಿ ಕಡಿಮೆ. ಬೆಲ್ಟ್ ಬಿಚ್ಚಿಕೊಳ್ಳುವುದಿರಲಿ, ಹೊದಿಸಿದ ಬಟ್ಟೆಯನ್ನು ಸರಿಸಿಕೊಳ್ಳಲೂ ಅದಕ್ಕೆ ಬಾರದು. ಒಳಮೈ 40 ಡಿಗ್ರಿ ದಾಟಿದರೆ ಶಾಖಾಘಾತ. ಮಲಗಿದ ಮಗು ಕೂಗುತ್ತದೆ, ಅತ್ತು ಕರೆಯುತ್ತದೆ ಎಂಬ ಭರವಸೆಯೂ ಇಲ್ಲ. ಶಾಖಕ್ಕೆ ಬಳಲಿದ ಮಗು ಇನ್ನಷ್ಟು ಮಂಕಾಗಿ ನಿದ್ದೆಗೆ ಜಾರಿದಂತೆಯೇ ಕಾಣುತ್ತದೆ.

ಏಸಿ ಹಾಕಿಟ್ಟರೆ ಇದಾವುದೂ ಆಗುವುದಿಲ್ಲವಲ್ಲ ಎಂಬ ನಿನ್ನ ಮಾತನ್ನು ಮೋಟಾರು ವಾಹನ ನಿರೀಕ್ಷಕನಾಗಿದ್ದವನ ಮುಂದೆ ಆಡಿದ್ದೀಯೆ. ಆದ್ದರಿಂದ ಕಾನೂನಿನಿಂದಲೇ ಆರಂಭಿಸುತ್ತೇನೆ. 1988ರ ಮೋಟಾರು ವಾಹನ ಅಧಿನಿಯಮದ 126ನೆಯ ಕಲಂ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿದಾಗ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಕುಳಿತಿರಬೇಕು. ಇಲ್ಲವೇ ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ವಾಹನ ತಾನಾಗಿ ಚಲಿಸದಂತೆ ಮಾಡಿರಬೇಕು. ಇಂಜಿನ್ ಓಡುತ್ತಿರುವ ಕಾರಿನಲ್ಲಿ ಮಕ್ಕಳನ್ನು ಮಾತ್ರ ಬಿಟ್ಟು ಇಳಿಯುವುದೇ ಈ ಕಲಮಿನ ಉಲ್ಲಂಘನೆ. ಅಂಗಡಿಯ ಮುಂದೆ ಯಾರೂ ಇದಕ್ಕಾಗಿ ದಂಡ ಹಾಕುವುದಿಲ್ಲ ನಿಜ. ಆದರೆ ಈ ನಿಯಮ ಸುಮ್ಮನೆ ಬರೆದದ್ದಲ್ಲ. ಸೀಟುಗಳ ನಡುವೆ ತೂರಿ ಮುಂದೆ ಬಂದ ನಾಲ್ಕು ವರ್ಷದ ಹುಡುಗಿಯ ಕೈಗೆ ಗೇರು, ಹ್ಯಾಂಡ್‌ಬ್ರೇಕು, ಪವರ್ ವಿಂಡೋದ ಗುಂಡಿ ಮೂರೂ ಎಟುಕುತ್ತವೆ. ಇಂಜಿನ್ ಏನೋ ಕಾರಣಕ್ಕೆ ಬಂದ್ ಆಯಿತೆಂದರೆ ಏಸಿಯೂ ಬಂದ್. ಅದು ನಿನಗೆ ಅಂಗಡಿಯೊಳಗೆ ತಿಳಿಯುವುದಿಲ್ಲ. ಶ್ರುತಿಯ ಭಯಕ್ಕೆ ಆಧಾರ ಸಿಗುವುದೂ ಇಲ್ಲಿಯೇ. 2024ರ ಜೂನ್‌ನಲ್ಲಿ ದೆಹಲಿಯ ಲಕ್ಷ್ಮೀನಗರದಲ್ಲಿ ತಂದೆತಾಯಿ ಮಕ್ಕಳಿಬ್ಬರನ್ನು ಕಾರಿನಲ್ಲಿ ಬಿಟ್ಟು ಸಿಹಿತಿಂಡಿಯ ಅಂಗಡಿಗೆ ಹೋಗಿದ್ದಾಗ, ಒಬ್ಬಾತ ಕಾರು ಸಮೇತ ಮಕ್ಕಳನ್ನು ಒಯ್ದು ಹಣ ಕೇಳಿದ. ಪೊಲೀಸರು ಗಂಟೆಗಟ್ಟಲೆ ಬೆನ್ನಟ್ಟಿದ ಮೇಲೆ ಮಕ್ಕಳು ಸಿಕ್ಕರು.

ಅನ್ವಿತಾ ಪಕ್ಕದಲ್ಲಿ ಇರುತ್ತಾಳೆ ಎಂಬುದನ್ನು ನಾನು ವಾದವೆಂದೇ ಪರಿಗಣಿಸುವುದಿಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಕಾನೂನು ಏಳು ವರ್ಷದೊಳಗಿನ ಮಗುವನ್ನು ಐದು ನಿಮಿಷಕ್ಕಿಂತ ಹೆಚ್ಚು ಕಾರಿನಲ್ಲಿ ಬಿಡಬೇಕಾದರೆ ಜೊತೆಗಿರುವವರಿಗೆ ಕನಿಷ್ಠ 14 ವರ್ಷವಾಗಿರಬೇಕು ಎನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು 12. ನಮ್ಮಲ್ಲಿ ಇಷ್ಟು ಬಿಡಿಸಿ ಹೇಳುವ ಕಾನೂನಿಲ್ಲ. ಮಗುವನ್ನು ಬೇಕೆಂದೇ ನಿರ್ಲಕ್ಷಿಸಿ ಅದಕ್ಕೆ ನೋವುಂಟುಮಾಡುವವರಿಗೆ 2015ರ ಬಾಲನ್ಯಾಯ ಅಧಿನಿಯಮದ 75ನೆಯ ಕಲಂ ಮೂರು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ, ಅಷ್ಟೆ. ಕಾನೂನು ಬಿಡಿಸಿ ಹೇಳಿಲ್ಲವೆಂದು ನಾಲ್ಕು ವರ್ಷದ ಹುಡುಗಿ ಕಾವಲುಗಾತಿ ಆಗಿಬಿಡುವುದಿಲ್ಲ.

ಇನ್ನು ಆ ಐದು ನಿಮಿಷದ ವಿಚಾರ. ಔಷಧದ ಅಂಗಡಿಯಲ್ಲಿ ಮುಂದೆ ಇಬ್ಬರಿರುತ್ತಾರೆ, ಚೀಟಿಯಲ್ಲಿ ಬರೆದ ಮಾತ್ರೆ ಒಳಗಿನ ಕಪಾಟಿನಲ್ಲಿರುತ್ತದೆ, ಫೋನ್‌ಪೇ ಸುತ್ತುತ್ತಲೇ ಇರುತ್ತದೆ, ಹಳೆಯ ಸ್ನೇಹಿತನೊಬ್ಬ ಹೆಗಲ ಮೇಲೆ ಕೈ ಹಾಕುತ್ತಾನೆ. ಇವೆಲ್ಲ ಸಣ್ಣ ಅಡ್ಡಿಗಳು. ರಸ್ತೆ ದಾಟುವಾಗ ನಿನಗೇ ಬೈಕು ಬಡಿದು ಬಿದ್ದೆ ಎಂದಿಟ್ಟುಕೊ; ಆ ಕಾರಿನಲ್ಲಿ ಮಕ್ಕಳಿದ್ದಾರೆಂದು ಬಲ್ಲವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಆದ್ದರಿಂದ ಎಷ್ಟು ನಿಮಿಷ ಎಂದು ಕೇಳಿಕೊಳ್ಳಬೇಡ, ನಾನು ಬರದೆ ಹೋದರೆ ಬಾಗಿಲು ತೆಗೆಯುವವರು ಯಾರು ಎಂದು ಕೇಳಿಕೊ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಪಕ್ಕದಲ್ಲೇ ನಿಂತು ಹಣ ಕೊಡುವುದು, ಮನೆಯ ಗೇಟು ತೆರೆಯಲು ಇಳಿಯುವುದು, ಗ್ಯಾರೇಜಿನವನಿಗೆ ಟೈರು ತೋರಿಸುವುದು, ಇವುಗಳಿಗೆ ನನ್ನ ತಕರಾರಿಲ್ಲ. ಮಗು ಕಣ್ಣೆದುರಿಗೆ ಇದೆ, ಕೀ ನಿನ್ನ ಕೈಯಲ್ಲಿದೆ, ಇಂಜಿನ್ ಬಂದ್ ಆಗಿದೆ. ಇನ್ನೊಂದು ಕಟ್ಟಡದ ಬಾಗಿಲು ದಾಟಿ ಒಳಗೆ ಹೋಗುವ ಕೆಲಸವಾದರೆ ಮಗುವನ್ನು ಎತ್ತಿಕೊಂಡೇ ಹೋಗು, ಇಲ್ಲವೇ ಒಬ್ಬರು ಕಾರಿನಲ್ಲಿ ಕೂತಿರಿ. ಎದ್ದು ರಂಪ ಮಾಡಿದರೆ ಮಾಡಲಿ.

ನೀವಿಬ್ಬರೂ ಕೇಳದೆ ಉಳಿದ ಇನ್ನೊಂದು ಮಾತಿದೆ, ನನ್ನ ಹೆಚ್ಚಿನ ಚಿಂತೆ ಅದರ ಬಗ್ಗೆಯೇ. ಅಮೆರಿಕದಲ್ಲಿ 1998ರಿಂದ ಇಟ್ಟಿರುವ ಲೆಕ್ಕದಂತೆ ಕಾರಿನ ಶಾಖಕ್ಕೆ ವರ್ಷಕ್ಕೆ ಸರಾಸರಿ 37ರಷ್ಟು ಮಕ್ಕಳು ಸಾಯುತ್ತಾರೆ. ಅವರಲ್ಲಿ ಗೊತ್ತಿದ್ದೇ ಬಿಟ್ಟುಹೋದ ಮಕ್ಕಳು ಸುಮಾರು ಐದರಲ್ಲೊಂದು ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಂದಿನ ಸೀಟಿನಲ್ಲಿ ಮರೆತುಹೋದವರು, ಉಳಿದವರಲ್ಲಿ ಹೆಚ್ಚಿನವರು ತಾವೇ ಕಾರಿನೊಳಗೆ ಹೊಕ್ಕು ಸಿಕ್ಕಿಕೊಂಡವರು. ಹೆತ್ತವರು ಮರೆಯುವುದುಂಟೇ ಎಂದು ಮೂಗು ಮುರಿಯಬೇಡ. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಡೇವಿಡ್ ಡೈಮಂಡ್ ಎಂಬ ವಿಜ್ಞಾನಿ ಇದನ್ನು ಬಹುಕಾಲ ಅಭ್ಯಾಸ ಮಾಡಿದ್ದಾರೆ. ದಿನವೂ ಮನೆಯಿಂದ ಆಫೀಸಿಗೆ ಓಡಿಸುವ ದಾರಿಯನ್ನು ಮೆದುಳಿನ ರೂಢಿಯ ಭಾಗ ತಾನೇ ನಡೆಸಿಕೊಂಡು ಹೋಗುತ್ತದೆ. ಇವತ್ತು ನಡುವೆ ಮಗುವನ್ನು ಡೇಕೇರ್‌ನಲ್ಲಿ ಇಳಿಸಬೇಕು ಎಂಬ ಹೊಸ ಸಂಕಲ್ಪವನ್ನು, ನಿದ್ದೆಗೆಟ್ಟ ಅಥವಾ ಅವಸರದ ದಿನ, ಆ ರೂಢಿ ಹೊಸಕಿಹಾಕುತ್ತದೆ ಎಂಬುದು ಅವರ ವಿವರಣೆ. ಪ್ರೀತಿ ಎಷ್ಟಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಏರ್‌ಬ್ಯಾಗಿನಿಂದ ರಕ್ಷಿಸಲು ಮಕ್ಕಳನ್ನು ಹಿಂದಿನ ಸೀಟಿಗೆ ಕಳಿಸಿದ್ದು ಸರಿಯಾದ ನಿರ್ಧಾರವೇ. ಆದರೆ ಹಿಂದಕ್ಕೆ ತಿರುಗಿಸಿ ಕೂರಿಸಿದ ಚೈಲ್ಡ್ ಸೀಟಿನಲ್ಲಿ ಮಲಗಿದ ಮಗು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಇಟಲಿಯಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ ಎಚ್ಚರಿಸುವ ಸಾಧನವನ್ನು 2019ರಿಂದ ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ. ನಿನಗೆ ಸಾಧನ ಬೇಕಿಲ್ಲ. ಮಗು ಕಾರಿನಲ್ಲಿದ್ದ ದಿನ ನಿನ್ನ ಆಫೀಸಿನ ಐಡಿ ಕಾರ್ಡನ್ನೂ ಫೋನನ್ನೂ ಹಿಂದಿನ ಸೀಟಿನ ಕೆಳಗೆ ಇಡು. ಹಿಂದಿನ ಬಾಗಿಲು ತೆಗೆಯದೆ ಕೆಲಸಕ್ಕೆ ಹೋಗುವುದೇ ಆಗಬಾರದು. ಮಗು ಬರಬೇಕಾದ ಹೊತ್ತಿಗೆ ಬರದಿದ್ದರೆ ಕೂಡಲೇ ನಿಮ್ಮಿಬ್ಬರಿಗೂ ಫೋನ್ ಮಾಡುವಂತೆ ಡೇಕೇರ್‌ನವರಿಗೆ ಹೇಳಿಡು.

ತಾವೇ ಹೊಕ್ಕ ಮಕ್ಕಳ ಕತೆ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ಆಡುತ್ತಿದ್ದ ನಾಲ್ವರು ಮಕ್ಕಳು ಲಾಕ್ ಆಗದೆ ನಿಂತಿದ್ದ ಕಾರಿಗೆ ಹತ್ತಿ, ಬಾಗಿಲು ತೆಗೆಯಲು ಬಾರದೆ ಸತ್ತರು. 2024ರ ನವೆಂಬರ್‌ನಲ್ಲಿ, ಬೇಸಿಗೆಯೂ ಅಲ್ಲದ ಕಾಲದಲ್ಲಿ, ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಕೂಲಿಗೆ ಹೋಗಿದ್ದವರ ನಾಲ್ವರು ಮಕ್ಕಳು ಹೀಗೆಯೇ ಹೋದರು. ಮನೆಯ ಅಂಗಳದಲ್ಲಿ ನಿಂತ ಕಾರನ್ನೂ ಲಾಕ್ ಮಾಡು, ಕೀಯನ್ನು ಮಕ್ಕಳಿಗೆ ಎಟುಕದ ಮೊಳೆಗೆ ಹಾಕು, ಅದನ್ನು ಆಟದ ಸಾಮಾನಾಗಿ ಎಂದೂ ಕೊಡಬೇಡ. ಮಗು ಕಾಣದಾದರೆ ಬಾವಿ, ನೀರಿನ ತೊಟ್ಟಿಗಳ ಜೊತೆಗೇ ಕಾರಿನ ಒಳಗನ್ನೂ ಡಿಕ್ಕಿಯನ್ನೂ ನೋಡಬೇಕು. ಅನ್ವಿತಾಳಿಗೆ ಒಂದು ಪಾಠ ಮಾಡು: ಚೈಲ್ಡ್ ಲಾಕ್ ಹಾಕಿದ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲವಾದ್ದರಿಂದ ಮುಂದಿನ ಸೀಟಿಗೆ ಹತ್ತಿ ಅಲ್ಲಿಯ ಹಿಡಿಯನ್ನು ಎಳೆಯಬೇಕು, ಆಗದಿದ್ದರೆ ಯಾರಾದರೂ ಬರುವ ತನಕ ಹಾರ್ನ್ ಒತ್ತುತ್ತಲೇ ಇರಬೇಕು. ನಿನ್ನ ಕಾರಿನ ಹಾರ್ನ್ ಇಂಜಿನ್ ಬಂದ್ ಇದ್ದಾಗ ಕೂಗುತ್ತದೆಯೇ ಎಂದು ಇವತ್ತೇ ಪರೀಕ್ಷಿಸಿ ನೋಡು.

ಬೇರೆಯವರ ಮಗು ಹೀಗೆ ಸಿಕ್ಕಿಕೊಂಡದ್ದನ್ನು ಕಂಡರೆ 112ಕ್ಕೆ ಕರೆ ಮಾಡು. ಮಗು ಬಳಲಿದ್ದರೆ ಕಾಯದೆ, ಅದರಿಂದ ದೂರದ ಗಾಜನ್ನು ಒಡೆದು ಹೊರತೆಗೆದು, ನೆರಳಿನಲ್ಲಿ ಮೈಗೆ ನೀರು ಹಾಕಿ ಗಾಳಿ ಬೀಸಿ, ಪ್ರಜ್ಞೆ ಇಲ್ಲದ ಬಾಯಿಗೆ ನೀರು ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆಮೇಲೆ ಬರುವ ತಾಯಿಯನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವ ಗುಂಪಿನಲ್ಲಿ ನೀನು ಇರಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತವರು ಮಗುವನ್ನು ಬಿಟ್ಟುಹೋದ ಕಾರಣ ತಮಗೆ ಹಿಡಿಸದಿದ್ದರೆ ಜನ ಅದೇ ಸನ್ನಿವೇಶದ ಅಪಾಯವನ್ನೇ ಹೆಚ್ಚೆಂದು ಎಣಿಸಿದರು. ಬಿಸಿಲಿಗೆ ಕಾರಣ ತಿಳಿಯುವುದಿಲ್ಲ. ಕೂಲಿಗೆ ಹೋದವಳ ಮಗುವಿಗೂ ಸೀರೆ ಕೊಳ್ಳಲು ಹೋದವಳ ಮಗುವಿಗೂ ಅದು ಒಂದೇ.

ಅಕ್ಷಯ ತೃತೀಯದ ಮದುವೆಗೆ ನೀವೆಲ್ಲ ಬರುತ್ತೀರಿ. 2024ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಜಿಲ್ಲೆಯಲ್ಲಿ ಮದುವೆಗೆ ಹೋದ ದಂಪತಿಗಳಲ್ಲಿ ಮಗು ತಂದೆಯ ಬಳಿ ಇದೆಯೆಂದು ತಾಯಿಯೂ, ತಾಯಿಯ ಬಳಿ ಇದೆಯೆಂದು ತಂದೆಯೂ ತಿಳಿದು, ಮೂರು ವರ್ಷದ ಹುಡುಗಿ ಕಾರಿನಲ್ಲೇ ಉಳಿದು ತೀರಿಕೊಂಡಳು. ನಮ್ಮ ಛತ್ರದ ಮುಂದೆಯೂ ಅದೇ ಗದ್ದಲ ಇರುತ್ತದೆ, ನಿಮ್ಮ ಅತ್ತೆ ಮಾವ ಚಿಕ್ಕಮ್ಮಂದಿರೆಲ್ಲ ಮಗುವನ್ನು ಕೈಯಿಂದ ಕೈಗೆ ಎತ್ತಿಕೊಳ್ಳುತ್ತಾರೆ. ಆದ್ದರಿಂದ ಹೀಗೆ ಮಾಡೋಣ: ಇಳಿಯುವಾಗ ಚಿಕ್ಕವನು ಶ್ರುತಿಯ ಕೈಯಲ್ಲಿ, ಅನ್ವಿತಾ ನಿನ್ನ ಕೈಯಲ್ಲಿ, ಯಾರಿಗಾದರೂ ಒಪ್ಪಿಸಿದರೆ ಹೆಸರು ಹಿಡಿದು ಹೇಳಿ ಒಪ್ಪಿಸಬೇಕು. ಕಾರು ನಿಲ್ಲಿಸುವವರು ಹಿಂದಿನ ಸೀಟನ್ನು ನೋಡಿ, ಲಾಕ್ ಮಾಡಿ, ಕೀಯನ್ನು ಊಟದ ಮನೆಯ ಬಾಗಿಲಿನಲ್ಲಿ ಕೂತಿರುವ ನನಗೆ ತಂದುಕೊಡಬೇಕು. ಬರುವವರಿಗೆಲ್ಲ ಇದನ್ನೇ ಹೇಳಿದ್ದೇನೆ. ಮುಹೂರ್ತ ಬೆಳಿಗ್ಗೆ ಇರುವುದರಿಂದ ಹಿಂದಿನ ದಿನ ಬಿಸಿಲೇರುವ ಮುನ್ನವೇ ಊರು ಸೇರುವಂತೆ ಹೊರಡಿ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ