ಹ್ಯೂಸ್ಟನ್‌ಗೆ ಬರುವ ಮೊದಲು

ಪ್ರೀತಿಯ ಗೆಳೆಯಾ,

ಜೂನ್ ಕೊನೆಗೆ ಇಲ್ಲಿಗೆ ಬರುತ್ತೀಯ ಎಂದು ಓದಿ ತುಂಬಾ ಖುಷಿಯಾಯಿತು. ಸೆಕೆ ಹೇಗೆ ಎಂದು ಕೇಳಿದ್ದೀಯ. ಮಂಗಳೂರಿನ ಮೇ ತಿಂಗಳು ನೆನಪಿದೆಯಲ್ಲ, ಸ್ನಾನ ಮುಗಿಸಿ ಅಂಗಿ ಹಾಕುವಷ್ಟರಲ್ಲಿ ಮತ್ತೆ ಬೆವರು? ಹಾಗೇ ಮಾರಾಯ. ಗಲ್ಫ್ ಆಫ್ ಮೆಕ್ಸಿಕೋ ಹತ್ತಿರವೇ ಇದೆ. ಆ ಕಡೆಯಿಂದ ಬೀಸುವ ಗಾಳಿ ನೀರಿನ ಪಸೆ ಹೊತ್ತೇ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಗಲು 35 ಡಿಗ್ರಿ, ರಾತ್ರಿ ಕೂಡ 25ರ ಆಸುಪಾಸು. ಆಫೀಸಿನಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗುತ್ತದೆ. ಒಳಗೆ ಎಸಿ ಜಾಸ್ತಿ, ಸ್ವೆಟರ್ ಮರೆಯಬೇಡ.

ನಿನಗೆ ಒಗ್ಗಲು ಸಮಯ ಬೇಕಾಗುವುದು ಇಲ್ಲಿನ ಮಳೆ. ನಮ್ಮೂರಲ್ಲಿ ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ಮಳೆಗಾಲ ಬಂತೆಂದು ಎಲ್ಲರಿಗೂ ಗೊತ್ತು, ಇನ್ನು ಕಟ್ಟಿಗೆ ಒಳಗಿಡಬೇಕು, ಹಪ್ಪಳ ಡಬ್ಬಿಗೆ ತುಂಬಬೇಕು. ಹ್ಯೂಸ್ಟನ್ ಇರುವ ಜಿಲ್ಲೆ, ಅಂದರೆ ಹ್ಯಾರಿಸ್ ಕೌಂಟಿಯ ಮಳೆಗೆ ಅಂಥ ದಿನ ಎಂಬುದಿಲ್ಲ. ವರ್ಷಕ್ಕೆ ಸುಮಾರು 50 ಇಂಚು, ನಮ್ಮೂರಿನ ಮೂರನೇ ಒಂದು ಪಾಲು. ಆದರೆ ಜನವರಿಯಲ್ಲೂ ಸುರಿಯುತ್ತದೆ, ಆಗಸ್ಟಿನ ಸುಡು ಮಧ್ಯಾಹ್ನದಲ್ಲೂ ಗುಡುಗಿ ಬರುತ್ತದೆ.

ಬಿದ್ದ ನೀರು ಹೋಗುವುದಾದರೂ ಎಲ್ಲಿಗೆ? ನಮ್ಮಲ್ಲಿ ಗುಡ್ಡದಿಂದ ಇಳಿದು ಹೊಳೆ ಸೇರಿ ಸಮುದ್ರಕ್ಕೆ ಓಡುತ್ತದೆ. ಇಲ್ಲಿ ಊರೆಲ್ಲ ಚಪ್ಪಟೆ, ಜೇಡಿಮಣ್ಣು. ಬಯೂ ಎಂದು ಕರೆಯುವ ದೊಡ್ಡ ತೋಡುಗಳು ನಿಧಾನವಾಗಿ ಹರಿಯುತ್ತವೆ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದು ಇಲ್ಲೇ ಕೂತುಬಿಟ್ಟಿತು. ನಾಲ್ಕು ದಿನದಲ್ಲಿ ಇಡೀ ಕೌಂಟಿಗೆ ಸರಾಸರಿ 33 ಇಂಚಿಗೂ ಹೆಚ್ಚು ಮಳೆ. ನಮ್ಮ ಮೆಟ್ಟಿಲಿನ ಎರಡನೇ ಹಂತಕ್ಕೆ ನೀರು ನಿಂತಿತ್ತು. ರಾತ್ರಿಯೆಲ್ಲ ಟಾರ್ಚ್ ಹಿಡಿದು ಆ ಮೆಟ್ಟಿಲನ್ನೇ ನೋಡುತ್ತಾ ಕೂತಿದ್ದೆವು. ಮಳೆಯ ಸದ್ದು ಕೇಳಿದರೆ ನಿದ್ದೆ ಬರುತ್ತಿದ್ದವನು ನಾನು, ಅವತ್ತು ಅದೇ ಸದ್ದಿಗೆ ಹೆದರಿದೆ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ನೀನು ಬರುವುದೇ ಅದರ ನಡುವೆ. ಕುಡಿಯುವ ನೀರು, ಟಾರ್ಚ್, ಅವಲಕ್ಕಿ ಮನೆಯಲ್ಲಿ ಇಟ್ಟಿರಬೇಕು. 2024ರ ಜುಲೈ 8ರಂದು ಬೆರಿಲ್ ಬಂದಾಗ ನಮ್ಮ ಮನೆಗೆ ಐದು ದಿನ ಕರೆಂಟ್ ಇರಲಿಲ್ಲ. ಆ ಸೆಕೆಯಲ್ಲಿ ಫ್ಯಾನ್ ಕೂಡ ಇಲ್ಲದೆ ಮಗು ಅತ್ತಿದ್ದು ಈಗಲೂ ಕಿವಿಯಲ್ಲಿದೆ.

ಚಳಿಗಾಲ ಸಾಮಾನ್ಯವಾಗಿ ಹಿತ. 2021ರ ಫೆಬ್ರವರಿಯಲ್ಲಿ ಮಾತ್ರ ಪೈಪಿನೊಳಗೆ ನೀರು ಹೆಪ್ಪುಗಟ್ಟಿತ್ತು. ಮಾರ್ಚ್‌ನಲ್ಲಿ ರಸ್ತೆ ಬದಿ ಬ್ಲೂಬಾನೆಟ್ ನೀಲಿಯಾಗಿ ಅರಳುತ್ತದೆ, ಅದನ್ನು ನೀನು ನೋಡಲೇಬೇಕು.

ಒಂದು ಮಾತು ಕೇಳು. ಬಾಡಿಗೆ ಕಡಿಮೆ ಎಂದು ಸುಮ್ನೆ ಮನೆ ಗೊತ್ತುಮಾಡಬೇಡ. 2017ರಲ್ಲಿ ಅಲ್ಲಿ ನೀರು ನುಗ್ಗಿತ್ತಾ ಎಂದು ಮೊದಲು ವಿಚಾರಿಸು. ಪ್ರವಾಹದ ವಿಮೆಯನ್ನು ಬೇರೆಯೇ ಮಾಡಿಸಬೇಕು, ಸರ್ಕಾರದ ಯೋಜನೆಯಲ್ಲಾದರೆ ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಕಾಯಬೇಕು. ನೋಡಿರುವ ಮನೆಗಳ ವಿಳಾಸ ಈ ವಾರವೇ ಕಳಿಸು. ಜೋರು ಮಳೆ ಬಂದ ಮರುದಿನ ನಾನೇ ಹೋಗಿ, ಬೀದಿಯಲ್ಲಿ ನೀರು ಎಲ್ಲಿ ನಿಂತಿದೆ ಎಂದು ನೋಡಿ ಬರುತ್ತೇನೆ.

ನಿನ್ನ ಗೆಳೆಯ